ನೇರ ಕೈಯೋ, ಸೊಟ್ಟ ಕೈಯೋ

ಅಪ್ಪ ನಿಜವಾಗಿ ತಾಳ ಹಾಕುತ್ತಿದ್ದನೋ, ಸಿಕ್ಕಿಕೊಂಡ ಗ್ರಾಮೊಫೋನ್ ಮುಳ್ಳನ್ನು ಬಿಡಿಸಲು ಅದರ ಪೆಟ್ಟಿಗೆ ತಟ್ಟುತ್ತಿದ್ದನೋ, ನನಗೆ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಅನುಮಾನಪಡುವುದನ್ನು. ಬೇರೆ ಯಾರೂ ಸಿಗದಾಗ ನನ್ನ ನೆನಪನ್ನೇ ವಿಚಾರಣೆಗೆ ಕೂರಿಸುತ್ತೇನೆ. ನೆನಪಿರುವುದಿಷ್ಟು: ವಾಡಿಯ ನಮ್ಮ ಮನೆಯಲ್ಲಿ ಜೋಗುಳದ ರೆಕಾರ್ಡೊಂದಿತ್ತು. ಅದು "ಬೆಳ್ಳಿ ತೊಟ್ಟಿ" ಎಂಬಲ್ಲಿ ತಡವರಿಸುತ್ತಿತ್ತು. ಅಪ್ಪ ಬೆರಳಿನಿಂದ ಒಮ್ಮೆ ತಟ್ಟಿದರೆ "ಬೆಳ್ಳಿ ತೊಟ್ಟಿಲಾಗ" ಎಂದು ಮುಂದೆ ಹೋಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಅವ್ವ ಹೆಸರಿಡುವ ಕಾರ್ಯಗಳಲ್ಲಿ ಹಾಗೆಯೇ ಹಾಡುತ್ತಾಳೆ, ನಡುವೆ ತೊಟ್ಟಿಲಿಗೆ ಬೆರಳು ತಟ್ಟುತ್ತಾಳೆ.

ಸೇಡಂನಲ್ಲಿರುವ ಅಕ್ಕನಿಗೆ ಎರಡನೆಯ ಮೊಮ್ಮಗು ಹುಟ್ಟಿದಾಗ ತಕರಾರು ಎದ್ದಿತು. "ಹೋದ ಸಲ ಚಿಂಚೋಳಿ ಬೀಗರು ಮುಖ ಮುಖ ನೋಡಿ ನಕ್ಕರು. ಈ ಸಲ ಸೀದಾ ಹಾಡಬೇ ಅವ್ವಾ, ರೆಕಾರ್ಡ್ ಗೀಚಿತ್ತು ಅಷ್ಟ," ಎಂದಳು.

"ಗೀಚಿಲ್ಲ ಏನಿಲ್ಲ. ನಿಮ್ಮಪ್ಪ ತಾಳ ಹಾಕ್ತಿದ್ದ. ಅದು ಬಿಟ್ಟು ಹಾಡು ಅಂದ್ರ ನಾ ಬರಂಗೇ ಇಲ್ಲ," ಎಂದಳು ಅವ್ವ.

ನ್ಯಾಯ ತೀರಿಸುವ ಕೆಲಸ ನನ್ನ ಪಾಲಿಗೆ ಬಂತು. ರೆಕಾರ್ಡ್ ಇತ್ತು, ನುಡಿಸುವ ಯಂತ್ರ ಇರಲಿಲ್ಲ. ಹೊಸದನ್ನು ಕೊಳ್ಳಲು ಕೂತಾಗ ತಿಳಿಯಿತು, ಮುಳ್ಳನ್ನು ಹಿಡಿದು ರೆಕಾರ್ಡಿನ ಮೇಲೆ ಸಾಗುವ ಆ ಉದ್ದನೆಯ ಕೈಯಲ್ಲೇ ಪಂಥಗಳಿವೆ. ನೇರ ಕೈ ಹಗುರ, ಗಟ್ಟಿ. ಸೊಟ್ಟ ಕೈಯ ತುದಿಯನ್ನು ಸುಲಭವಾಗಿ ಬಿಚ್ಚಿ ಬದಲಿಸಬಹುದು. ಮೂರನೆಯದು ಹಳಿಯ ಮೇಲೆ ಸರಿಯುತ್ತದೆ. ರೆಕಾರ್ಡ್ ಕೆತ್ತಿದ ದಾರಿಯಲ್ಲೇ ಹೋಗುತ್ತದಂತೆ. ಆದರೆ ಹಳಿಯ ಮೇಲೆ ಹೋಗುವುದೆಲ್ಲ ಸರಿಯಾಗಿ ಮುಟ್ಟುತ್ತದೆ ಎಂದು ವಾಡಿ ಜಂಕ್ಷನ್‌ನಲ್ಲಿ ಬೆಳೆದವನು ಹೇಗೆ ನಂಬಲಿ? ನಾನು ವಾರಗಟ್ಟಲೆ ಓದಿದೆ.

"ನನ್ನ ನೋಡ್ಲಿಕ್ಕಿ ಬಂದಾಗ ಇಷ್ಟು ವಿಚಾರ ಮಾಡಿದ್ರೇನ್ರೀ?" ಎಂದಳು ಹೆಂಡತಿ.

ಮಾಡಿದ್ದೆನೋ ಇಲ್ಲವೋ, ನೆನಪಾಗಲಿಲ್ಲ. ಅಂದೇ ನೇರ ಕೈಯದನ್ನು ತರಿಸಿದೆ. ರೈಲಿನ ನಡುಕ ತಾಗದಿರಲೆಂದು ಅದರಡಿಗೆ ದಪ್ಪನೆಯ ಶಹಾಬಾದ್ ಕಲ್ಲು ಹಾಕಿದೆ. ಅವ್ವನನ್ನು ಕೂರಿಸಿ ಮುಳ್ಳು ಇಳಿಸಿದೆ. "ಬೆಳ್ಳಿ ತೊಟ್ಟಿಲಾಗ" ಎಂದು ಹಾಡು ಎಲ್ಲಿಯೂ ತಡವರಿಸದೆ ಹೋಯಿತು. ಅವ್ವನ ಬೆರಳು ಮೊಳಕಾಲ ಮೇಲೆ ಎದ್ದು, ತಟ್ಟಲು ಜಾಗ ಸಿಗದೆ, ಹಾಗೇ ನಿಂತಿತು.

"ಒಂದು 'ಬೆಳ್ಳಿ ತೊಟ್ಟಿ' ನುಂಗ್ತು ನೋಡು," ಎಂದಳು. "ಯಪ್ಪಾ, ನಿನ್ನ ಹೊಸಾ ಕೈ ಹಾಡು ತಿನ್ಲಿಕತ್ತದ."

ನಗಬೇಕೆಂದುಕೊಂಡೆ. ಆದರೆ ಮುಳ್ಳು ಹಿಂದಕ್ಕೆ ಜಿಗಿಯುವಂತೆ ಮುಂದಕ್ಕೂ ಜಿಗಿಯಬಹುದಲ್ಲ! ಇದನ್ನು ತಳ್ಳಿಹಾಕಲು ಸೊಟ್ಟ ಕೈಯದೂ ಒಂದು ಬೇಕು ಎಂದಾಗ ಹೆಂಡತಿ ಎದ್ದು ಒಳಗೆ ಹೋದಳು.

ಏನೂ ತೀರ್ಮಾನವಾಗದೆ ಎಲ್ಲರೂ ಸೇಡಂಗೆ ಹೋದೆವು. ಬೀಗರು ಸಾಲಾಗಿ ಕೂತಿದ್ದರು. ಅವ್ವ ತೊಟ್ಟಿಲ ಹಗ್ಗ ಹಿಡಿದು ಅಕ್ಕನನ್ನು ನೋಡಿದಳು, ಅಕ್ಕ ನನ್ನನ್ನು ನೋಡಿದಳು. ಹಾಡು ಆ ಜಾಗಕ್ಕೆ ಬಂದಾಗ ಅವ್ವನ ದನಿ ಅನುಮಾನದಲ್ಲಿ ನಿಂತುಬಿಟ್ಟಿತು. ನಾನು ಮಾತ್ರ ಪುರಾವೆ ಸಾಲದ ನ್ಯಾಯಾಧೀಶನಂತೆ ಕೈಕಟ್ಟಿ ಸುಮ್ಮನೆ ನಿಂತಿದ್ದೆ. ಆಮೇಲೆ ಅವ್ವ ತನ್ನಷ್ಟಕ್ಕೇ ತಾಳ ಹಾಕಿ ಮುಂದುವರಿಸಿದಳು. ನನಗೆ ನೆನಪಿರುವುದು ಹೀಗೆ.

ಮೊನ್ನೆ ಅಕ್ಕ ಕಳಿಸಿದ ಆ ದಿನದ ವಿಡಿಯೊ ನೋಡಿದೆ. ನಂಬದೆ ಮತ್ತೆ ನೋಡಿದೆ. ಅವ್ವನ ದನಿ ನಿಂತಲ್ಲಿ, ಬೀಗರ ತಲೆಯ ಮೇಲಿಂದ ಒಂದು ಕೈ ಚಾಚಿ ಬಂದು ತೊಟ್ಟಿಲನ್ನು ತಟ್ಟುತ್ತದೆ; ಗಂಡು ದನಿಯೊಂದು ಎಲ್ಲರಿಗಿಂತ ಜೋರಾಗಿ "ಬೆಳ್ಳಿ ತೊಟ್ಟಿ, ಬೆಳ್ಳಿ ತೊಟ್ಟಿಲಾಗ" ಎನ್ನುತ್ತದೆ. ಕೈಯಲ್ಲಿರುವ ಗಡಿಯಾರ ನನ್ನದು.