ಎಕ್ಸ್ ಅನ್ನಲಾರದ ಕಾಕು

ನಮ್ಮ ಕಾಕು ಒಂದೇ ಸೆಮಿಸ್ಟರಿನಲ್ಲಿ ತನ್ನ ಗಂಡನನ್ನು ನೂರೈವತ್ತು ಸಲವಾದರೂ ಕಂಡುಹಿಡಿದಿದ್ದಾಳೆ! ಒಮ್ಮೆ ಏಳು ಇದ್ದ, ಒಮ್ಮೆ ಹನ್ನೆರಡು, ಒಂದು ಸಲವಂತೂ ಎರಡೂವರೆ. ಮೊದಲ ಸಲ ಮೈನಸ್ ಮೂರು ಸಿಕ್ಕ ದಿನ ಕಾಕು ಬುತ್ತಿಯನ್ನೇ ಬಿಚ್ಚಲಿಲ್ಲ. ಇಷ್ಟು ಸಲ ಸಿಕ್ಕ ಈ ಗಂಡ ಆ ಹೊತ್ತಿನಲ್ಲೆಲ್ಲ ಎಲ್ಲಿದ್ದ ಅಂತೀರಿ? ಸದಲಗಾದ ತನ್ನ ಕಬ್ಬಿನ ಗದ್ದೆಯಲ್ಲಿ ನೀರು ಹಾಯಿಸುತ್ತ ಆರಾಮಾಗಿದ್ದ!

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ನಾನು ಚಿಕ್ಕೋಡಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವವ. ಪಿಯುಸಿಯಲ್ಲಿ ಗಣಿತದ ಮುಖ ನೋಡದೆ ಬಿ.ಕಾಂ.ಗೆ ಬಂದವರಿಗಾಗಿ ನಮ್ಮಲ್ಲಿ ಒಂದು ಬ್ರಿಡ್ಜ್ ಕೋರ್ಸ್ ಇದೆ. ಹೈಸ್ಕೂಲಿನಲ್ಲಿ ಅರ್ಧಕ್ಕೆ ಕೈಬಿಟ್ಟ ಬೀಜಗಣಿತವನ್ನು ಮತ್ತೆ ಮೊದಲಿನಿಂದ ಹಿಡಿದು ವರ್ಗ ಸಮೀಕರಣದವರೆಗೆ ಮುಟ್ಟಿಸುವುದು ನನ್ನ ಕೆಲಸ. ಹೆಸರೇನೋ ಚೆನ್ನಾಗಿದೆ. ಆದರೆ ದೂಧಗಂಗೆಯ ದಂಡೆಯವರಾದ ನಮಗೆ ಬ್ರಿಡ್ಜ್ ಅಂದರೆ ಮಳೆಗಾಲದಲ್ಲಿ ನೀರೊಳಗೆ ಹೋಗುವ ವಸ್ತು! ನನ್ನ ಕೋರ್ಸು ಶುರುವಾಗುವುದೂ ಮಳೆಗಾಲದಲ್ಲೇ. ಎರಡನೆಯ ವಾರಕ್ಕೆ ಅರ್ಧ ಕ್ಲಾಸು ಮುಳುಗಿರುತ್ತದೆ.

ಆ ಕ್ಲಾಸಿಗೆ ಒಂದು ದಿನ ನಾಲ್ಕು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ನಮ್ಮ ಕಾಕು ಬಂದು ಮುಂದಿನ ಬೆಂಚಿನಲ್ಲಿ ಕುಳಿತಳು. ನಮ್ಮಪ್ಪನ ತಮ್ಮನ ಹೆಂಡತಿ. ವಯಸ್ಸು ನಲವತ್ತಾರು! ಹತ್ತನೆಯ ತರಗತಿಯಲ್ಲಿ ಬೀಜಗಣಿತ ಆಕೆಯನ್ನು ನಪಾಸು ಮಾಡಿತ್ತು. ರಿಸಲ್ಟು ಬಂದ ವಾರವೇ ಕಾಕಾನ ಕಡೆಯವರು ಹೆಣ್ಣು ನೋಡಲು ಬಂದರು, ಓದು ಅಲ್ಲಿಗೇ ನಿಂತಿತು. ಮಕ್ಕಳು ದೊಡ್ಡವರಾದ ಮೇಲೆ ಹಟ ಹಿಡಿದು ಹತ್ತನೆಯದನ್ನು ಅಂಚಿನ ಅಂಕದಲ್ಲಿ ದಾಟಿ, ಪಿಯುಸಿಯನ್ನೂ ಮುಗಿಸಿ ಈಗ ಡಿಗ್ರಿಗೆ ಬಂದಿದ್ದಳು. ಆದರೆ ಬ್ರಿಡ್ಜ್ ಕೋರ್ಸಿನ ಕೊನೆಗೆ ಒಂದು ಪರೀಕ್ಷೆ ಇದೆ. ಅದರಲ್ಲಿ ಪಾಸಾಗದಿದ್ದರೆ ಇಡೀ ವರ್ಷ ಮತ್ತೆ ಕೂರಬೇಕು.

"ಆ ಬೀಜಗಣಿತ ನನ್ನ ಒಮ್ಮೆ ಮನಿಗೆ ಕಳಿಸೇತಿ" ಅಂದಳು ಕಾಕು. "ಈ ಸಲ ನಾ ಅದನ್ನ ಮನಿಗೆ ಕಳಿಸಾಕಿ!"

ಕ್ಲಾಸಿನೊಳಗೆ ನಾನು ‘ಸರ್’. ಬಾಗಿಲು ದಾಟಿದರೆ ‘ಲೇ’. ಈ ಒಪ್ಪಂದ ಮೊದಲ ದಿನವೇ ಆಯಿತು.

ತೊಂದರೆ ಶುರುವಾದದ್ದೂ ಮೊದಲ ದಿನವೇ. ಬೋರ್ಡಿನ ಮೇಲೆ ಒಂದು ಸಲೀಸು ಸಮೀಕರಣ ಬರೆದು, ಓದಿ ಎಂದೆ. ಕಾಕು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದಳು: "ನಮ್ಮ ಮನ್ಯಾವ್ರಿಗೆ ಐದು ಕೂಡಿಸಿದರ ಹನ್ನೆರಡು ಆಕ್ಕೇತ್ರಿ ಸರ."

ಹುಡುಗರೆಲ್ಲ ಬೋರ್ಡಿನ ಮೇಲೆ ಮನ್ಯಾವ್ರನ್ನು ಹುಡುಕತೊಡಗಿದರು! ನನಗೆ ಮಾತ್ರ ತಟ್ಟನೆ ಹೊಳೆಯಿತು. ಅಯ್ಯೋ ದೇವರೇ, ಕಾಕಾನ ಹೆಸರು!

ಇಲ್ಲಿ ಕಾಕಾನ ಹೆಸರಿನ ಕಥೆ ಹೇಳಲೇಬೇಕು. ಕಾಕಾ ಒಂದು ಕಾಲಕ್ಕೆ ಪಂಚಾಯಿತಿ ಮೆಂಬರ್ ಆಗಿದ್ದ. ಆ ಖುಷಿಗೆ ಮೋಟರ್ ಸೈಕಲ್ಲಿನ ಮುಂದೆ ಕೆಂಪು ಬಣ್ಣದಲ್ಲಿ ‘ಮೆಂಬರ್’ ಎಂದು ಬರೆಸಿದ. ಮುಂದಿನ ಸಲ ಸೋತ. ಬರೆಸಿದ್ದನ್ನು ಅಳಿಸಲು ಮನಸ್ಸು ಬರಲಿಲ್ಲ, ಸುಳ್ಳು ಹೇಳಿಕೊಂಡು ತಿರುಗುವ ಮನುಷ್ಯನೂ ಅಲ್ಲ. ಹಾಗಾಗಿ ಅದರ ಹಿಂದೆ ‘ಎಕ್ಸ್’ ಎಂದು ಸೇರಿಸಿದ. ಕೆಂಪು ಬಣ್ಣ ಹಳೆಯದು, ಬಿಸಿಲಿಗೆ ಹಾರಿಹೋಯಿತು. ಹೊಸ ಬಣ್ಣದ ‘ಎಕ್ಸ್’ ಒಂದೇ ಗಟ್ಟಿಯಾಗಿ ಉಳಿಯಿತು. ಊರಿಗೆ ಇನ್ನೇನು ಬೇಕು? ಅವತ್ತಿನಿಂದ ಆತ ಎಕ್ಸ್ ಕಾಕಾ, ಎಕ್ಸ್ ಸಾಹೇಬ್ರು, ಎಕ್ಸ್ ಮಾಮಾ! ಮದುವೆ ಪತ್ರಿಕೆಗಳಲ್ಲೂ ಹಾಗೆಯೇ ಬರೆಯುತ್ತಾರೆ.

ನಮ್ಮ ಕಾಕುವೋ, ಗಂಡನ ಹೆಸರು ಬಾಯಲ್ಲಿ ತರದವಳು. ಹೊಸ ಮದುಮಗಳಾಗಿ ಬಂದಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಸೇರಿಸಿ ಒಡಪು ಹೇಳಿದರೇ ಒಳಗೆ ಬಿಡುತ್ತೇವೆ ಎಂದಿದ್ದರಂತೆ. ಕಾಕು ಒಡಪನ್ನೇನೋ ಚೆಂದ ಹೇಳಿ, ಹೆಸರು ಬರುವ ಜಾಗದಲ್ಲಿ ಜೋರಾಗಿ ಕೆಮ್ಮಿ ಒಳಗೆ ನುಗ್ಗಿಬಿಟ್ಟಳಂತೆ! ಊರು ಇಟ್ಟ ಹೆಸರನ್ನೂ ಆಕೆ ಅಷ್ಟೇ ಮಡಿಯಿಂದ ಕಾಪಾಡಿಕೊಂಡು ಬಂದಿದ್ದಳು. ಈಗ ನೋಡಿದರೆ ಪುಸ್ತಕದ ಪುಟಪುಟದಲ್ಲೂ ಗಂಡ!

"ಕಾಕು, ಎಕ್ಸ್ ಬದಲಿಗೆ ಎನ್ ಅಂತ ಹಿಡಿಯೂಣು. ಲೆಕ್ಕಕ್ಕೇನೂ ಫರಕ ಆಗೂದಿಲ್ಲ" ಎಂದು ಕ್ಲಾಸು ಮುಗಿದ ಮೇಲೆ ಉಪಾಯ ಹೇಳಿದೆ.

ಕಾಕು ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಏನಂದಿಲೇ? ಪುಸ್ತಕದಾಗ ಇವರು ಕೂತಾರ. ಇವರನ್ನ ಎಬ್ಬಿಸಿ ಆ ಜಾಗಾದಾಗ ಇನ್ನೊಬ್ಬಾಂವನ್ನ ತಂದು ಕೂಡ್ರಸಲೇನು?"

ಮುಗಿಯಿತು! ಬರೆಯಲು ಅಡ್ಡಿಯಿಲ್ಲ, ಬಾಯಲ್ಲಿ ಮಾತ್ರ ‘ಮನ್ಯಾವ್ರು’ ಎಂದು ತೀರ್ಮಾನವಾಯಿತು.

ಮುಂದೆ ನಡೆದದ್ದನ್ನು ಏನು ಹೇಳಲಿ! ಎರಡೂ ಕಡೆ ಎಕ್ಸ್ ಇದೆ, ಹೊಡೆದುಹಾಕಿ ಎಂದರೆ ಕಾಕು ಪೆನ್ನು ಕೆಳಗಿಡುತ್ತಿದ್ದಳು. "ಹೊಡಿಯೂದು ಗಿಡಿಯೂದು ಆಗಾಂಗಿಲ್ರಿ ಸರ. ಬೇಕಾದ್ರ ಈ ಕಡೆ ಮನ್ಯಾವ್ರನ್ನ ಆ ಕಡೆ ಕಳಿಸ್ತೀನಿ, ತಮ್ಮ ಪಾಡಿಗೆ ತಾವ ಹೋಗ್ತಾರ." ಎಕ್ಸ್ ಮತ್ತು ವೈ ಎರಡೂ ಇದ್ದ ಜೋಡಿ ಸಮೀಕರಣ ಬಂತು. ಎಕ್ಸನ್ನು ತೆಗೆದುಹಾಕಿದರೆ ಎರಡು ಸಾಲಿನಲ್ಲಿ ಉತ್ತರ ಬರುವಂಥದ್ದು. ಕಾಕು ಇಡೀ ಸಮೀಕರಣವನ್ನು ಮೂರರಿಂದ ಗುಣಿಸಿ, ಸುತ್ತು ಬಳಸಿ, ಒಂದು ಪುಟ ಬರೆದು ವೈಯನ್ನೇ ಹೊರಗೆ ಹಾಕಿದಳು. ಯಾಕೆ ಇಷ್ಟು ಕಷ್ಟ ಎಂದು ಕೇಳಿದರೆ, "ಆ ವೈ ನನಗೇನ ಆಗಬೇಕ್ರಿ?" ಎಂದಳು. ಉತ್ತರ ಸರಿ ಇತ್ತು. ನಾನು ಯಾವ ಬಾಯಿಂದ ಬೈಯಲಿ?

ಒಂದು ದಿನ ಎಕ್ಸ್ ಬೆಲೆ ಸೊನ್ನೆ ಬಂತು. ಎಲ್ಲ ಬರೆದು ಕೊನೆಯ ಸಾಲು ಖಾಲಿ ಬಿಟ್ಟಿದ್ದಳು. "ನೀವ ತುಂಬ್ಕೋರಿ ಸರ. ಕಟಗೊಂಡ ಗಂಡನ್ನ ಸೊನ್ನಿ ಅಂತ ನನ್ನ ಕೈಲೇ ಬರಸ್ತೀರೇನು?" ವರ್ಗ ಸಮೀಕರಣದ ಹೊತ್ತಿಗೆ ಮಾತ್ರ ಆಕೆ ಪಳಗಿದ್ದಳು. ಒಂದೇ ಎಕ್ಸಿಗೆ ಎರಡು ಬೆಲೆ, ಒಂದು ನಾಲ್ಕು, ಇನ್ನೊಂದು ಮೈನಸ್ ಎರಡು ಎಂದಾಗ ಹುಡುಗರು ಕಕ್ಕಾಬಿಕ್ಕಿ. ಕಾಕು ಮಾತ್ರ ಮುಗುಳ್ನಕ್ಕಳು. "ಇದು ಖರೆ ಐತಿ ನೋಡ್ರಿ. ಮಂದ್ಯಾಗ ನಾಕು, ಮನ್ಯಾಗ ಮೈನಸ್ ಎರಡು!"

ನೀವು ನಗುತ್ತೀರಿ. ನಾನೂ ನಕ್ಕೆ. ಆದರೆ ಹತ್ತು ವರ್ಷ ಸುಣ್ಣದ ಕಡ್ಡಿ ತೇಯ್ದರೂ ನನ್ನಿಂದ ಆಗದ್ದನ್ನು ಈ ಹೆಂಗಸು ಮಾಡಿದಳು. ಮೂರು ಎಕ್ಸ್‌ಗೆ ನಾಲ್ಕು ಕೂಡಿಸಿದರೆ ಏಳು ಎಕ್ಸ್ ಎಂದು ಬರೆಯುವುದು ನಮ್ಮ ಹುಡುಗರ ಜನ್ಮಕ್ಕಂಟಿದ ರೋಗ. ನಾನು ತಿಳಿಸಿ ಹೇಳಿದ್ದೇನೆ, ಬೈದಿದ್ದೇನೆ, ಕೈ ಮುಗಿದಿದ್ದೇನೆ. ಕಾಕು ಒಮ್ಮೆ ಹಿಂದೆ ತಿರುಗಿ ಕೇಳಿದಳು: "ಅಲ್ಲೋ ಯಪ್ಪಾ, ಮೂರು ಮನ್ಯಾವ್ರು, ನಾಕು ಎಮ್ಮಿ. ಕೂಡಿಸಿದ್ರ ಏಳು ಮನ್ಯಾವ್ರು ಹೆಂಗ ಆಕ್ಕಾರೋ?" ಅಷ್ಟೇ! ಅವತ್ತಿನಿಂದ ಆ ತಪ್ಪನ್ನು ಕ್ಲಾಸಿನಲ್ಲಿ ಯಾರೂ ಮಾಡಲಿಲ್ಲ. ತಿಂಗಳೊಳಗೆ ಇಡೀ ಕ್ಲಾಸು ‘ಮನ್ಯಾವ್ರು’ ಭಾಷೆಗೆ ಇಳಿಯಿತು, ನಾನೂ ಇಳಿದೆ. ಒಂದು ದಿನ ನಮ್ಮ ಪ್ರಿನ್ಸಿಪಾಲರು ವರಾಂಡದಲ್ಲಿ ಹೋಗುತ್ತಿದ್ದಾಗ ಒಳಗಿಂದ ನನ್ನ ಧ್ವನಿ ಕೇಳಿಸಿತಂತೆ: "ಮೊದಲು ಮನ್ಯಾವ್ರನ್ನ ಬ್ರಾಕೆಟ್ಟಿನಿಂದ ಹೊರಗ ತಗೀರಿ!" ಆಮೇಲೆ ನನ್ನನ್ನು ಕರೆದು, ಚಹಾ ಕುಡಿಸಿ, "ಮನ್ಯಾಗ ಎಲ್ಲಾ ಬರೋಬರಿ ಐತಿಲ್ರಿ?" ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು.

ಪರೀಕ್ಷೆ ಬಂತು. ಬರೆಯುವ ಭಾಗದಲ್ಲಿ ಕಾಕು ಕ್ಲಾಸಿಗೇ ಮೊದಲು! ಉಳಿದದ್ದು ಬಾಯಿಮಾತಿನ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುತ್ತ ಬಾಯಿಬಿಟ್ಟು ವಿವರಿಸಬೇಕು. ಅದರಲ್ಲೂ ಬೇರೆಯಾಗಿ ಪಾಸಾಗಬೇಕು. ಆ ಸಲ ನಿಪ್ಪಾಣಿಯಿಂದ ಒಬ್ಬ ಮೇಡಂ ಬಂದಿದ್ದರು. ಮನೆಮಾತು ಮರಾಠಿ, ಶಿಸ್ತು ಬಹಳ.

ಬೋರ್ಡಿನ ಮೇಲೆ ಲೆಕ್ಕ ಬರೆದು, "ಚಲಾ, ಶುರು ಮಾಡ್ರಿ" ಎಂದರು.

"ಬ್ರಾಕೆಟ್ಟಿನ ಒಳಗ ಇವರು ಅದಾರ, ಇವರ ಸಂಗಾಟ ಮೂರು ಐತ್ರಿ..." ಎಂದು ಕಾಕು ಶುರುಮಾಡಿದಳು.

"ಇವರು ಅಂದ್ರ ಯಾರು?"

"ಅದರೀ... ಇಲ್ಲಿ ಅದಾರಲ್ರಿ." ಕಾಕು ಸುಣ್ಣದ ಕಡ್ಡಿಯಿಂದ ತೋರಿಸಿದಳು.

"ಅದರ ಹೆಸರ ಹೇಳ್ರಿ."

ಕಾಕು ಮತ್ತೆ ಆ ಅಕ್ಷರವನ್ನೇ ಕಡ್ಡಿಯಿಂದ ತೋರಿಸಿದಳು. ಮೇಡಂ ಮತ್ತೊಮ್ಮೆ ಕೇಳಿದರು, ಮೂರನೆಯ ಸಲವೂ ಕೇಳಿದರು. ನಾನು ಎದ್ದು ಏನೋ ಹೇಳಲು ಹೋದರೆ, "ನೀವು ಕೂಡ್ರಿ ಸರ್. ಅಕ್ಷರದ ಗುರುತ ಇಲ್ಲದವರನ್ನ ನಾ ಹೆಂಗ ಪಾಸ್ ಮಾಡ್ಲಿ?" ಎಂದರು. ಕಾಕು ಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟಳು.

"ನಪಾಸ ಅಂತ ಬರೀರಿ ಮೇಡಂ. ನಾ ಮುಂದಿನ ವರ್ಷ ಮತ್ತ ಬರ್ತೀನಿ." ಅಷ್ಟು ಹೇಳಿ ಹೊರಗೆ ನಡೆದುಬಿಟ್ಟಳು.

ನನಗೆ ಕೆಟ್ಟ ಸಿಟ್ಟು ಬಂತು. ವರಾಂಡದಲ್ಲಿ ಅಡ್ಡಗಟ್ಟಿ ನಿಲ್ಲಿಸಿ, "ಒಂದು ಅಕ್ಷರ ಕಾಕು! ಒಂದೇ ಒಂದು ಅಕ್ಷರ! ಅದಕ್ಕ ಒಂದು ವರ್ಷ ಹಾಳ ಮಾಡ್ಕೋತೀಯೇನು? ಯಾವ ಕಾಲದಾಗ ಅದೀ ನೀ?" ಎಂದು ಕೂಗಾಡಿದೆ.

ಕಾಕು ಗೋಡೆಗೆ ಒರಗಿ ನಿಂತಳು. ಆಕೆಯ ದನಿ ಸಣ್ಣಗಾಗಿತ್ತು.

"ಹ್ವಾದ ವರ್ಷ ಮಿರಜದ ದವಾಖಾನ್ಯಾಗ ಇವರ ಎದಿ ಆಪರೇಷನ್ ಆತಲ್ಲ, ನೀನೂ ಬಂದಿದ್ದಿ. ಡಾಕ್ಟರ ಹೊರಗ ಬಂದು, ಏನೂ ಹೇಳಾಕ ಬರಾಂಗಿಲ್ಲ, ದೇವರನ್ನ ನೆನೀರಿ ಅಂದ್ರು. ದೇವರಿಗೆ ಕೊಡಾಕ ನನ್ನ ಹಂತ್ಯಾಕ ಏನಿತ್ತೋ ತಮ್ಮಾ? ಇಪ್ಪತ್ತೊಂಬತ್ತು ವರ್ಷ ಇವರ ಹೆಸರ ಬಾಯಾಗ ತಂದಿಲ್ಲ, ಅದನ್ನ ನೋಡಿಯಾದ್ರೂ ಇವರನ್ನ ಬಿಟ್ಟುಕೊಡು, ಸಾಯೂತನಕ ತರೂದಿಲ್ಲ ಅಂತ ಮಾತ ಕೊಟ್ಟೆ. ಅಂವ ಬಿಟ್ಟುಕೊಟ್ಟ. ಈಗ ಒಂದು ಪರೀಕ್ಷಿ ಸಲುವಾಗಿ ನಾ ಮಾತ ಮುರೀಲೇನು? ಪರೀಕ್ಷಿ ಮುಂದಿನ ವರ್ಷನೂ ಬರತೈತಿ. ಇವರಿಗೆ ಹೇಳಬ್ಯಾಡ ಮತ್ತ."

ಇಷ್ಟು ದಿನ ಇದನ್ನೊಂದು ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ನಗಿಸಿದವನು ನಾನೇ ಅಲ್ಲವೇ? ನಾಚಿಕೆಯಾಯಿತು. ನೇರ ಒಳಗೆ ಹೋಗಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಕಾಕಾನ ಮೋಟರ್ ಸೈಕಲ್ಲಿನಿಂದ ಹಿಡಿದು ಮಿರಜದ ದವಾಖಾನೆಯವರೆಗೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಷ್ಟು ಧೂಳೇನೂ ಅದರ ಮೇಲೆ ಇರಲಿಲ್ಲ. ಆಮೇಲೆ ತಾವೇ ಎದ್ದು ಬಾಗಿಲಿಗೆ ಬಂದು, ಬನ್ನಿ ಅತ್ತಿಗೆ ಎಂದು ತಮ್ಮ ಮರಾಠಿಯಲ್ಲೇ ಕರೆದರು.

"ಯಾ ವಹಿನಿ, ಒಳಗ ಬರ್ರಿ. ನಿಮ್ಮ ಮನ್ಯಾವ್ರನ್ನ ಹುಡುಕೂಣು."

ಕಾಕು ಹುಡುಕಿದಳು! ಬ್ರಾಕೆಟ್ಟು ಬಿಡಿಸಿ, ಎಡಗಡೆ ಇದ್ದ ಇಬ್ಬರು ಮನ್ಯಾವ್ರನ್ನು ಬಲಗಡೆಗೆ ಮರ್ಯಾದೆಯಿಂದ ಕಳಿಸಿ, ಸಂಖ್ಯೆಗಳನ್ನೆಲ್ಲ ಈ ಕಡೆ ಸೇರಿಸಿ, ಪ್ರತಿ ಹೆಜ್ಜೆಗೂ ಯಾಕೆ ಏನು ಎಂದು ಹೇಳುತ್ತ ಹೋದಳು. ಮೇಡಂ ನಡುವೆ ಎರಡು ಕಠಿಣ ಪ್ರಶ್ನೆ ಕೇಳಿದರು, ಅದಕ್ಕೂ ಉತ್ತರ ಬಂತು. "ಕಡೀಕ ಮನ್ಯಾವ್ರು ಐದು ಸಿಕ್ಕರ್ರಿ" ಎಂದು ಕಾಕು ಸುಣ್ಣದ ಕೈ ಝಾಡಿಸಿದಾಗ ಮೇಡಂ ತಲೆ ಎತ್ತದೆ ಅಂಕ ಬರೆದರು. ಪಾಸು!

ಕಾಕು ಸಹಿ ಹಾಕಲು ಆಫೀಸಿಗೆ ಹೋದಳು. ಕರೆದೊಯ್ಯಲು ಬಂದ ಕಾಕಾ ಗೇಟಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೇಳಬೇಡ ಎಂದದ್ದನ್ನೇ ಮೊದಲು ಹೇಳಿಬಿಟ್ಟೆ. ಕಾಕಾ ಹೆಗಲ ಮೇಲಿನ ಟಾವೆಲ್ಲು ತೆಗೆದು ಗಾಡಿಯ ಕನ್ನಡಿಯನ್ನು ಒರೆಸಿದ, ಮತ್ತೆ ಒರೆಸಿದ. ಅಷ್ಟರಲ್ಲಿ ಕಾಕು ಕಾಲೇಜಿನ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು.

ಕಾಕಾ ಆಕೆಯನ್ನು ಕರೆಯುವುದು ‘ಏ’ ಎಂದು, ಬಹಳ ಪ್ರೀತಿ ಬಂದರೆ ‘ಏ, ಇಲ್ಲಿ ಕೇಳ’ ಎಂದು. ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯಲ್ಲಿ ಆಕೆ ಸೊಸೆಯಾದಳು, ವೈನಿಯಾದಳು, ಅವ್ವನಾದಳು, ಕಾಕುವಾದಳು. ಆಕೆಯನ್ನು ಹೆಸರು ಹಿಡಿದು ಕರೆಯುವ ಜಾಗ ಈ ಭೂಮಿಯ ಮೇಲೆ ಒಂದೇ ಉಳಿದಿತ್ತು, ದಿನಾ ಬೆಳಿಗ್ಗೆ ನಾನು ತೆಗೆದುಕೊಳ್ಳುವ ಹಾಜರಿ.

ಅವತ್ತು ಕಾಕಾ, ಇಡೀ ಕಾಲೇಜು ತಿರುಗಿ ನೋಡುವಂತೆ, ಗಂಟಲು ಬಿಚ್ಚಿ ಆಕೆಯ ಹೆಸರು ಹಿಡಿದು ಕೂಗಿದ.

ಕಾಕು ಬೆಚ್ಚಿಬಿದ್ದು ಮೆಟ್ಟಿಲ ಮೇಲೆಯೇ ನಿಂತಳು. ಯಾರು ಕರೆದರು ಎಂದು ನೋಡುವ ಮೊದಲೇ ಆಕೆಯ ಕೈ ತಾನಾಗಿ ಮೇಲೆದ್ದಿತು.

"ಎಸ್ ಸರ್!"