ಮನೆಗಾಡಿಗೆ ಲಿಂಬೆಹಣ್ಣು ಇಟ್ಟದ್ದು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಹುಕ್ಕೇರಿ ಬಳಿಯ ಹೊಲದ ಮನೆಯೊಂದರ ಮುಂದೆ, ನಾನು ಒಂದು ಕಲ್ಲನ್ನು ಒದ್ದು ಸರಿಸಿದೆ. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆದಿತ್ತು.

ನಾವು ನೋಡಲು ಹೋದದ್ದು ಮಾರಾಟಕ್ಕಿದ್ದ ಮನೆಗಾಡಿ. ನಾನು ಹುಟ್ಟುವ ಮೊದಲಿನ ವ್ಯಾನು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಕಿಟಕಿಗೆ ಹೂವಿನ ಪರದೆ. ರಜೆಯಲ್ಲಿ ಊರೂರು ತಿರುಗಿ ಅದರಲ್ಲೇ ಮಲಗಿ ಏಳಬೇಕೆಂಬುದು ನನ್ನ ಹೆಂಡತಿ ಶೈಲಾಳ ಆಸೆ. ಮೂಡಲಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಹಳೆಯ ವಾಹನ ಪರೀಕ್ಷಿಸುವ ವಿಡಿಯೋಗಳನ್ನು ವಾರವಿಡೀ ನೋಡಿ ಪರಿಣತನಾಗಿದ್ದೆ. ತುಕ್ಕು ಪತ್ತೆ ಹಚ್ಚಲು ಅಯಸ್ಕಾಂತವನ್ನೂ ಒಯ್ದಿದ್ದೆ!

ಗಾಡಿಯ ಮೈಗೆಲ್ಲ ನಾನು ಅದನ್ನು ಹಚ್ಚುವುದನ್ನು ಮಾಲೀಕರಾದ ಬಾಬು ಕಾಕಾ ದಿಟ್ಟಿಸಿದರು. "ಏನ್ರಿ ಸರ, ಗಾಡಿಗೆ ಜ್ವರಾ ಬಂದಾವೇನು?"

ನಾನು ಗಂಭೀರವಾಗಿ ಇಂಜಿನ್, ದೀಪ, ಹಾರ್ನ್ ಎಲ್ಲವನ್ನೂ ನೋಡಿದೆ. ಹಾಸಿಗೆಯ ಪರೀಕ್ಷೆಗೆ ಶೈಲಾ ಒಳಗೆ ಹೋದಳು, ಗೋಕಾಕದಲ್ಲಿ ಕೊಂಡ ಕರದಂಟಿನ ಸಮೇತ.

"ಒಂದ್ ರೌಂಡ್ ಹೊಡದ ನೋಡ್ರಿ, ಕೀಲಿ ತರ್ತೇನಿ" ಎಂದು ಕಾಕಾ ಮನೆಯೊಳಗೆ ಹೋದರು.

"ರೀ, ಗಾಲಿಗೆ ಲಿಂಬಿಹಣ್ಣ ಇಟ್ಟ ಹೊಂಡ್ರಿ ಮತ್ತ! ಚೀಲದಾಗ ನಾಕ ಅದಾವ" ಎಂದು ಶೈಲಾ ಹಾಸಿಗೆಯಿಂದಲೇ ಕೂಗಿದಳು.

ಲಿಂಬೆಹಣ್ಣಿನ ವಿಷಯದಲ್ಲಿ ಭೌತಶಾಸ್ತ್ರ ಬಾಯಿ ಹಾಕುವುದಿಲ್ಲ. ಮೂರು ಗಾಲಿಗಳ ಮುಂದೆ ಇಟ್ಟೆ. ನಾಲ್ಕನೆಯದರ ಮುಂದೆ ಜಾಗವೇ ಇಲ್ಲ. ಯಾರೋ ಕಲ್ಲು ಇಟ್ಟಿದ್ದರು. "ಎಂಥ ಅಜಾಗರೂಕ ಜನ!" ಎಂದುಕೊಂಡು ಅದನ್ನು ಒದ್ದು ತೆಗೆದು, ಹಣ್ಣು ಇಟ್ಟೆ.

ಹಣ್ಣು ಪಚಕ್ಕೆಂದಿತು. ಉಳಿದ ಮೂರೂ ಪಚಕ್ಕೆಂದವು. ಶಾಸ್ತ್ರ ಸಾಂಗವಾಗಿ ಮುಗಿದಿತ್ತು. ಗಾಡಿ ಮಾತ್ರ ಚಾಲಕನಿಲ್ಲದೆ ಹೊರಟಿತ್ತು!

ಇಳಿಜಾರಿನ ಕೊನೆಗೆ ಬಾವಿ. ಕಟ್ಟೆಯಿಲ್ಲದ ಬಾವಿ.

"ನಿಂದ್ರು! ನಿಂದ್ರು!" ಎಂದು ಗಾಡಿಗೆ ಆಜ್ಞಾಪಿಸುತ್ತಾ ಓಡಿದೆ. ಹಿಂದಿನ ಬಂಪರ್ ಹಿಡಿದೆ. ಬಂಪರ್ ನನ್ನ ಕೈಗೇ ಬಂತು. ಪರದೆಯ ಸಂದಿಯಲ್ಲಿ ಶೈಲಾಳ ಪಾದಗಳು ಕಂಡವು. ಕಾಲ ಮೇಲೆ ಕಾಲು ಹಾಕಿ ಮಲಗಿದ್ದಳು. ಆ ಪಾದಗಳು ಇಂದಿಗೂ ಕಣ್ಣ ಮುಂದಿವೆ. ಬಾವಿಗೆ ಒಂದೇ ಮಾರು ಇರುವಾಗ ಗಾಲಿ ಹೊಲದ ಬದುವಿಗೆ ಬಡಿದು, ಗಾಡಿ ಪಕ್ಕಕ್ಕೆ ತಿರುಗಿ, ಮೇವಿನ ಬಣವೆಯೊಳಗೆ ಮುಖ ಹುದುಗಿಸಿ ನಿಂತಿತು.

ಕಾಕಾ ಓಡಿ ಬಂದರು. "ಅಯ್ಯ, ಆ ಕಲ್ಲ ಯಾಕ ತಗದ್ರಿ? ಈ ಗಾಡಿಗೆ ಅದೇ ಹ್ಯಾಂಡ್‌ಬ್ರೇಕ್ ರೀ!"

ಶೈಲಾ ಕರದಂಟು ಅಗಿಯುತ್ತಾ ಇಳಿದಳು. "ಎಷ್ಟ್ ಚಲೋ ಹೊಡದ್ರಿ! ಸಪ್ಪಳಿಲ್ಲ, ಏನಿಲ್ಲ. ನಿಮ್ಮ ಸ್ಕೂಟರ್ ಮ್ಯಾಲ ಹಿಂಗ ಒಂದಿನಾನೂ ಕುಂತಿಲ್ಲ. ತಗೊಂಡ ಬಿಡೂಣು!"

ಸುಮ್ಮನಿದ್ದರೆ ಹೊಗಳಿಕೆ ಉಳಿಯುತ್ತಿತ್ತು. ಆದರೆ ಆ ಗಾಡಿ ಕೊಂಡರೆ ಹೆಂಡತಿ ಉಳಿಯುವ ಭರವಸೆ ಇರಲಿಲ್ಲ.

"ನಾ ಹೊಡೀಲಿಲ್ಲ."

"ಮತ್ತ ಯಾರು? ಕಾಕಾರೇನು?"

"ಯಾರೂ ಇರಲಿಲ್ಲ."

ಅವಳು ಬಾವಿಯನ್ನು ನೋಡಿದಳು. ಬಂಪರ್ ಎತ್ತಿಕೊಂಡು ನಿಂತ ನನ್ನನ್ನು ನೋಡಿದಳು. ಅಗಿಯುವುದು ನಿಂತಿತು.

ಗಾಡಿ ಕೊಳ್ಳದೆ ಮನೆಗೆ ಮರಳಿದೆವು. ಅಂದಿನಿಂದ ನಿದ್ದೆಯಲ್ಲಿ ನನ್ನ ಬಲಗಾಲು ಬ್ರೇಕ್ ಒತ್ತತೊಡಗಿತು. ಬ್ರೇಕಿನ ಜಾಗದಲ್ಲಿ ಶೈಲಾಳ ಮೊಣಕಾಲು ಇರುತ್ತಿತ್ತು. ನಾನು "ನಿಂದ್ರು!" ಎಂದು ಚೀರಿದರೆ, ಅವಳು "ನಾ ಎಲ್ಲಿ ಹೊಂಟೇನ್ರಿ?" ಎಂದು ಚೀರುತ್ತಿದ್ದಳು.

ದೀಪಾವಳಿ ಅಮಾವಾಸ್ಯೆಯಂದು ಕಾಕಾರ ಫೋನ್ ಬಂತು. ಧುಪದಾಳದವರೊಬ್ಬರು ಗಾಡಿ ಕೊಂಡು, ನಾಲ್ಕೂ ಗಾಲಿ ಬಿಚ್ಚಿ, ಚಹಾದಂಗಡಿ ಮಾಡಿದ್ದಾರಂತೆ. ಆ ರಾತ್ರಿ ಇಬ್ಬರೂ ಬೆಳಗಿನವರೆಗೆ ಗಾಢವಾಗಿ ಮಲಗಿದೆವು. ಕನಸಿನಲ್ಲಿ ಆ ಗಾಲಿಯಿಲ್ಲದ ಗಾಡಿಯನ್ನು ನಾನೇ ನಡೆಸುತ್ತಿದ್ದೆ. ಒಂದು ತಪ್ಪೂ ಆಗಲಿಲ್ಲ!