ಪಬ್ಬಿಗೆ ಹೋದ ಚಟ್ನಿಪುಡಿ

ಲೋಕದಲ್ಲಿ ಎಲ್ಲಕ್ಕಿಂತ ರುಚಿಯಾದ ಅಡುಗೆ ಯಾವುದು ಅಂತ ಕೇಳಿದರೆ ಹೋಳಿಗೆ, ಬಿಸಿಬೇಳೆಬಾತು ಅಂತೆಲ್ಲ ಹೇಳುವವರು ಗಂಡಸರು. ಹೆಂಗಸರನ್ನು ಕೇಳಿ ನೋಡಿ, ಬೇರೆಯವರು ಮಾಡಿ ಬಡಿಸಿದ್ದು ಅನ್ನುತ್ತಾರೆ. ಕೊರೊನಾ ಬಂದಮೇಲಂತೂ ನನಗೆ ಇದು ವೇದವಾಕ್ಯವೇ ಆಗಿಬಿಟ್ಟಿತ್ತು. ಜಪಾನಿನ ಕಾಶಿವಾದ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ನಮ್ಮವರು ಊಟದ ಮೇಜಿನ ಮೇಲೇ ಆಫೀಸು ತೆರೆದು ಕೂತರು. ತಿಂಡಿಯ ತಟ್ಟೆ ತೊಳೆಯುವಷ್ಟರಲ್ಲಿ ಮಧ್ಯಾಹ್ನಕ್ಕೇನು ಅಂತ ಅವರು, ಮಧ್ಯಾಹ್ನದ್ದು ಎತ್ತಿಡುವಷ್ಟರಲ್ಲಿ ಸಂಜೆಗೇನು ಅಂತ ಮಗಳು ಅನಘಾ. ಕೊಂಬಿನಿ ಅನ್ನುವ ಮೂಲೆಯಂಗಡಿಯಿಂದ ಏನಾದರೂ ತಂದು ಹೊತ್ತು ಕಳೆಯೋಣವೆಂದರೆ ನಾವು ಸಸ್ಯಾಹಾರಿಗಳು. ಈ ದೇಶದಲ್ಲಿ ಸೊಪ್ಪು ಬೇಯಿಸಿದರೂ ಅದಕ್ಕೊಂದು ಮೀನಿನ ಸಾರು ಬೀಳಲೇಬೇಕು. ಒಂದು ಹೊತ್ತು, ಒಂದೇ ಒಂದು ಹೊತ್ತು, ನಾನು ಕೈಯಿಕ್ಕದ ಅಡುಗೆ ಉಣ್ಣಬೇಕು ಅಂತ ದೇವರಿಗೆ ಹರಕೆ ಹೊರುವುದೊಂದು ಬಾಕಿಯಿತ್ತು.

ಇವರ ಕೊರಗೇ ಬೇರೆ. ಮದುವೆಗೆ ಮುಂಚೆ ಇಂಗ್ಲೆಂಡಿನಲ್ಲಿ ಸ್ವಲ್ಪ ಕಾಲ ಓದಿದವರು. ಅಲ್ಲಿ ಓದಿದ್ದನ್ನು ಮರೆತಿರಬಹುದು, ಕುಡಿದದ್ದನ್ನು ಮರೆತಿಲ್ಲ. ಏಲ್ ಅಂತ ಒಂದು ಬಿಯರಂತೆ. ಅದಕ್ಕೆ ಗ್ಯಾಸು ತುಂಬಬಾರದಂತೆ, ಐಸಿನಂತೆ ತಣ್ಣಗಿರಬಾರದಂತೆ, ಪೀಪಾಯಿಯಲ್ಲೇ ಹದಕ್ಕೆ ಬಂದದ್ದನ್ನು ಕೈಪಂಪಿನಲ್ಲಿ ಎಳೆದು ಕೊಡಬೇಕಂತೆ. ಕೇಳಿ ಕೇಳಿ ನನಗೆ ಕಂಠಪಾಠವಾಗಿತ್ತು. ನಮ್ಮ ರೈಲು ಸ್ಟೇಷನ್ನಿನ ಹಿಂದೆಯೇ ಮೊರಿತಾ ಸಾನ್ ಅನ್ನುವವರ ಬ್ರಿಟಿಷ್ ಪಬ್ಬೊಂದಿದೆ. ಕೊರೊನಾ ತುರ್ತುಸ್ಥಿತಿ ಇದ್ದಷ್ಟು ಕಾಲ ಮದ್ಯ ಕೊಡುವಂತಿರಲಿಲ್ಲ. ಅದು ತೆರವಾಗಿ, ಸಂಜೆ ಏಳರವರೆಗೆ ಕೊಡಬಹುದು ಅಂತಾದ ವಾರವೇ ಇವರು ಲ್ಯಾಪ್‌ಟಾಪ್ ಮುಚ್ಚಿ, "ನಡಿಯೇ, ಇವತ್ತು ಒಲೆ ಹಚ್ಚಬೇಡ" ಅಂದರು. ಮದುವೆಯಾದಾಗಿನಿಂದ ಇಷ್ಟು ಒಳ್ಳೆಯ ಮಾತನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ರೇಷ್ಮೆ ಸೀರೆ ಉಡಲಿಲ್ಲ, ಅಷ್ಟೆ.

ಒಳಗೆ ಕಪ್ಪು ಮರದ ಕಂಬಗಳು, ಹಿತ್ತಾಳೆಯ ದೀಪಗಳು, ಪ್ರತಿ ಮೇಜಿಗೂ ಪ್ಲಾಸ್ಟಿಕ್ ಪರದೆ. ಕಿಟಕಿ ಪಕ್ಕ ಕೂತೆವು. ಮೊರಿತಾ ಸಾನ್ ಕೌಂಟರಿನ ಹಿಂದಿನಿಂದ ಬಗ್ಗಿ ನಮಸ್ಕರಿಸಿದರು, ನಾವೂ ಬಗ್ಗಿದೆವು. ಆಮೇಲೆ ಅವರು ಲೋಟ ಒರೆಸುತ್ತ ನಿಂತರು, ನಾವು ಕೈಕಟ್ಟಿ ಕೂತೆವು. ಯಾರೂ ಬರಲಿಲ್ಲ. ಸುಮಿಮಾಸೆನ್, ಸ್ವಲ್ಪ ಇಲ್ಲಿ ಬನ್ನಿ ಅಂತ ಒಂದು ಕೂಗು ಹಾಕೋಣವೆಂದರೆ ಅನಘಾ ಬಾಯಿಯ ಮೇಲೆ ಬೆರಳಿಟ್ಟು ಗೋಡೆ ತೋರಿಸಿದಳು. ಗಟ್ಟಿಯಾಗಿ ಮಾತಾಡಬೇಡಿ ಅಂತ ಅಲ್ಲಿ ಬರೆದಿತ್ತು. ಸೋಂಕಿನ ಭಯಕ್ಕೆ ಶಾಲೆಯಲ್ಲಿ ಮಾತಿಲ್ಲದೆ ಉಂಡು ಅಭ್ಯಾಸವಾದ ಹುಡುಗಿ. ಗಡಿಯಾರದ ಮುಳ್ಳು ಏಳರ ಕಡೆ ಜಾರುತ್ತಿತ್ತು, ಇವರ ಮುಖ ಬಾಡುತ್ತಿತ್ತು. ಕೊನೆಗೆ ನಾನೇ ಎದ್ದು ಹೋಗಿ ಕೇಳಿದೆ. ಪಬ್ಬಿನಲ್ಲಿ ಗಿರಾಕಿಯೇ ಕೌಂಟರಿಗೆ ಬಂದು ಹೇಳುವುದು ಇಂಗ್ಲೆಂಡಿನ ಪದ್ಧತಿ, ನಿಮ್ಮನ್ನು ಅವಸರಪಡಿಸಬಾರದು ಅಂತ ಸುಮ್ಮನಿದ್ದೆ ಅಂತ ಅವರು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ಅಯ್ಯೋ, ಇದು ನಮ್ಮ ದರ್ಶಿನಿಯೇ ತಾನೇ! ಇಂಗ್ಲೆಂಡ್ ರಿಟರ್ನ್ ಗಂಡನನ್ನು ತಿರುಗಿ ನೋಡಿದೆ. ಅವರು ಗೋಡೆಯ ಮೇಲಿನ ಕುದುರೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅಂತೂ ಏಲ್ ಬಂತು. ಇವರು ಒಂದು ಗುಟುಕು ಕುಡಿದು ಕಣ್ಣುಮುಚ್ಚಿಕೊಂಡರು. ನಾನೂ ಒಂಚೂರು ತುಟಿಗೆ ತಾಗಿಸಿದೆ. ಅಮ್ಮ ಬೆಲ್ಲ ಹಾಕಲು ಮರೆತ ಕಷಾಯದಂತಿತ್ತು. ಊಟದ್ದೇ ಪೇಚಾಟ. ಎಲ್ಲದರಲ್ಲೂ ಮಾಂಸ, ಇಲ್ಲವೆ ಮೀನು. ಮೊರಿತಾ ಸಾನ್ ಸ್ವಲ್ಪ ಯೋಚಿಸಿ, ಮಾಂಸದ ಪೈ ಬದಲು ಬಟಾಣಿ, ಕ್ಯಾರೆಟ್ ಬೇಯಿಸಿ, ಮೇಲೆ ಆಲೂಗಡ್ಡೆ ಹಿಸುಕಿ ಹರಡಿ, ಕೆಂಪಗೆ ಬೇಕ್ ಮಾಡಿ ತಂದರು. ಮೊದಲ ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಬಿಸಿ ಅಂತ ಇವರಿಗೆ ಹೇಳಿದೆ, ಆದರೆ ಬಂದದ್ದು ಸಂತೋಷಕ್ಕೆ. ಹೆಚ್ಚಿದ್ದು ನಾನಲ್ಲ, ಬೇಯಿಸಿದ್ದು ನಾನಲ್ಲ, ತೊಳೆಯುವುದೂ ನಾನಲ್ಲ! ಎರಡನೆಯ ತುತ್ತೂ ಹಾಗೇ ಸ್ವರ್ಗಸುಖ. ಆಮೇಲೆ ನಾಲಿಗೆ ತಕರಾರು ತೆಗೆಯಿತು. ಉಪ್ಪು, ಮೆಣಸು ಬಿಟ್ಟರೆ ಅದರಲ್ಲಿ ಮತ್ತೇನೂ ಇಲ್ಲ. ಕೈ ತಾನಾಗಿ ಬ್ಯಾಗಿಗೆ ಹೋಯಿತು. ಪಾಸ್‌ಪೋರ್ಟ್ ಮರೆತರೂ ಚಟ್ನಿಪುಡಿಯ ಡಬ್ಬಿ ಮರೆಯುವ ವಂಶ ನಮ್ಮದಲ್ಲ.

"ಅಮ್ಮಾ, ದಮೆ" ಅಂತ ಅನಘಾ ಮೇಜಿನ ಕೆಳಗೆ ಕಾಲು ತುಳಿದಳು. ಕೂಡದು ಅಂತ ಅರ್ಥ. ಹೋಟೆಲಿಗೆ ಮನೆಯಿಂದ ತಿನ್ನುವುದನ್ನು ಒಯ್ಯುವುದೇ ಇಲ್ಲಿ ತಪ್ಪು. ಮಾಡಿದವರ ಎದುರಿಗೇ ಅದನ್ನು ಉದುರಿಸುವುದಂತೂ ಕೇಳಲೇಬೇಡಿ. ಮೊರಿತಾ ಸಾನ್ ನೋಡಿಯೇಬಿಟ್ಟಿದ್ದರು. ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ. ಅವರು ಹತ್ತಿರ ಬಂದು, ಕೋಪವಿಲ್ಲದೆ, ಅದೇನೆಂದು ಕೇಳಿ, ಚಿಟಿಕೆ ಪುಡಿ ಅಂಗೈಗೆ ಹಾಕಿಸಿಕೊಂಡು, ಅತ್ತ ತಿರುಗಿ ಮಾಸ್ಕ್ ಸರಿಸಿ ನೆಕ್ಕಿದರು. ಈ ಪೈಯಲ್ಲಿ ಏನೋ ಕಮ್ಮಿ ಅಂತ ನನಗೂ ಅನಿಸಿತ್ತು, ಏನು ಮಾಡಬೇಕು ಹೇಳಿ ಅಂದರು.

ಬಾಯಲ್ಲಿ ಹೇಳಿ ಸುಮ್ಮನೆ ಕೂರಬಹುದಿತ್ತು. ಅಡುಗೆಮನೆಯ ಬಾಗಿಲವರೆಗೆ ಮಾತ್ರ ಹೋಗೋಣ ಅಂತ ಎದ್ದೆ. ಅವರು ಉಪ್ಪಿನಕಾಯಿಯಂತೆ ಈರುಳ್ಳಿ ನೆನೆಹಾಕಲು ತಂದಿಟ್ಟ ಸಾಸಿವೆ ಕಣ್ಣಿಗೆ ಬಿತ್ತು. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಕೈ ತೊಳೆದೆ, ಎಣ್ಣೆ ಕಾಯಿಸಿದೆ, ಸಾಸಿವೆ ಹಾಕಿದೆ. ಅದು ಚಟಪಟ ಸಿಡಿದಾಗ ಮೊರಿತಾ ಸಾನ್ ಫ್ರಿಜ್ಜಿನ ಹಿಂದೆ ಸರಿದು ನಿಂತರು, ಆಮೇಲೆ ನಗತೊಡಗಿದರು. ಒಗ್ಗರಣೆಗೆ ಚಟ್ನಿಪುಡಿ ಸೇರಿಸಿ, ಅವರು ತೆಗೆದುಕೊಟ್ಟ ಇನ್ನೊಂದು ಪೈಯ ಮೇಲೆ ಸುರಿದು, ನಾನೇ ಎತ್ತಿಕೊಂಡು ಬಂದು ಇವರ ಮುಂದಿಟ್ಟೆ.

ಇವರು ಒಂದು ತುತ್ತು ತಿಂದು, ಏಲ್ ಗುಟುಕರಿಸಿ, ಮೀಸೆಯ ನೊರೆ ಒರೆಸಿಕೊಳ್ಳದೆಯೇ ಹೇಳಿದರು: "ಸೂಪರ್ ಕಣೇ. ಅಚ್ಚು ಮನೆ ಊಟದ ಹಾಗೇ ಇದೆ."

ನನಗೆ ಸಿಟ್ಟು ಬರಬೇಕಿತ್ತು. ಬಾಯಿಂದ ಬಂದದ್ದು, "ಇನ್ನೊಂದು ಸ್ವಲ್ಪ ಬಡಿಸ್ಲಾ ರೀ?"